ಚಿಕ್ಕಮಗಳೂರಿನ ಚಳಿ, ಮನೆಯಲ್ಲೊಂದು ಪುಟ್ಟ ಮಗು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಪುಟ್ಟಿಗೆ ಈಗ ಎರಡೂವರೆ ವರ್ಷ. ಮನೆ ಚಿಕ್ಕಮಗಳೂರು ಊರೊಳಗೆ, ಅತ್ತೆ ಮಾವನ ಕಾಫಿ ತೋಟ ಆಲ್ದೂರಿನ ಕಡೆ. ನವೆಂಬರ್ ಬಂದರೆ ಫೆಬ್ರವರಿವರೆಗೂ ನಮ್ಮದು ಎರಡೂ ಕಡೆ ಓಡಾಟ. ಬೆಂಗಳೂರಿನಲ್ಲಿರುವ ನಾದಿನಿ, ಉಡುಪಿಗೆ ಮದುವೆಯಾಗಿ ಹೋದ ಗೆಳತಿ, ಪಕ್ಕದ ಮನೆಗೆ ವರ್ಗವಾಗಿ ಬಂದವರು, ಎಲ್ಲರೂ ಕೇಳುವುದು ಹೆಚ್ಚೂಕಡಿಮೆ ಇವೇ ಪ್ರಶ್ನೆಗಳನ್ನು. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಟ್ಟೆ. ನಾನು ಡಾಕ್ಟರ್ ಅಲ್ಲ. ಮದ್ದಿನ ಮಾತು ಬಂದಲ್ಲೆಲ್ಲ ನಮ್ಮ ಮಕ್ಕಳ ವೈದ್ಯೆಯನ್ನು ಕೇಳಿ ತಿಳಿದದ್ದನ್ನೇ ಬರೆದಿದ್ದೇನೆ.

ಅಷ್ಟೊಂದು ಚಳಿಯಲ್ಲಿ ಎಳೆ ಮಗು ಹೇಗೆ ತಡೆದುಕೊಳ್ಳುತ್ತೆ?

ಅಷ್ಟೊಂದು ಚಳಿ ಏನಿಲ್ಲ. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ಮೇಲಿದೆ, ನಿಜ. ಡಿಸೆಂಬರ್-ಜನವರಿಯ ಬೆಳಗಿನ ಜಾವ 14-15 ಡಿಗ್ರಿ ಇರುತ್ತದೆ, ಕೆಲವು ದಿನ ಇನ್ನೂ ಕೆಳಗೆ ಇಳಿಯುತ್ತದೆ. ಆದರೆ ಮಧ್ಯಾಹ್ನ ಅದೇ ಊರಲ್ಲಿ 27-28 ಡಿಗ್ರಿ. ಏಳು ಗಂಟೆಗೆ ಎದುರು ಮನೆ ಗೇಟು ಕಾಣದಷ್ಟು ಮಂಜು, ಹನ್ನೊಂದಕ್ಕೆ ನೆತ್ತಿ ಚುರುಗುಟ್ಟುವ ಬಿಸಿಲು. ಒಂದೇ ದಿನದಲ್ಲಿ ಎರಡು ಕಾಲ.

ಎರಡು ಚಳಿಗಾಲ ಕಳೆದ ಮೇಲೆ ನನಗೆ ಅನಿಸಿದ್ದು ಇಷ್ಟು. ಇಲ್ಲಿ ಮಗುವಿಗೆ ಚಳಿಗಿಂತ, ಚಳಿಗೆ ಹೆದರಿ ನಾವು ಮಾಡುವ ಉಪಚಾರದಿಂದಲೇ ಜಾಸ್ತಿ ತೊಂದರೆ. ಮುಚ್ಚಿದ ಕಿಟಕಿ, ಹೊಗೆ, ಕೊತಕೊತ ಕುದಿಯುವ ನೀರು, ನಾಲ್ಕು ಪದರ ಉಲ್ಲನ್.

ಹಾಗಾದರೆ ಎಷ್ಟು ಬಟ್ಟೆ ಹಾಕಬೇಕು?

ನೀವು ಹಾಕಿಕೊಂಡಿದ್ದಕ್ಕಿಂತ ಒಂದು ಪದರ ಹೆಚ್ಚು, ಅಷ್ಟೇ. ಒಳಗೆ ಹತ್ತಿ ಬನಿಯನ್, ಅದರ ಮೇಲೆ ತುಂಬು ತೋಳಿನ ಅಂಗಿ, ಮೇಲೊಂದು ಸ್ವೆಟರ್. ಉಲ್ಲನ್ ನೇರವಾಗಿ ಮೈಗೆ ತಾಗಿದರೆ ನವೆ ಶುರುವಾಗುತ್ತದೆ. ಒಂದು ದಪ್ಪ ಜಾಕೆಟ್‌ಗಿಂತ ಮೂರು ತೆಳು ಬಟ್ಟೆ ಒಳ್ಳೆಯದು, ಬಿಸಿಲೇರಿದಂತೆ ಒಂದೊಂದೇ ಬಿಚ್ಚಬಹುದು.

ಮಗುವಿಗೆ ಚಳಿಯಾಗಿದೆಯಾ ಅಂತ ಅಂಗೈ ಮುಟ್ಟಿ ನೋಡಬೇಡಿ. ಈ ವಯಸ್ಸಿನವರ ಕೈಕಾಲು ಸುಮ್ನೆ ಇದ್ದರೂ ತಣ್ಣಗಿರುತ್ತವೆ. ಕತ್ತಿನ ಹಿಂಭಾಗಕ್ಕೆ, ಬೆನ್ನಿಗೆ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ ಸಾಕು. ಬೆವರಿದ್ದರೆ ಒಂದು ಪದರ ತೆಗೆಯಿರಿ. ನಮ್ಮ ಪುಟ್ಟಿ ಮೊದಲ ಚಳಿಗಾಲದಲ್ಲಿ ರಾತ್ರಿಯಿಡೀ ಅಳುತ್ತಿದ್ದಳು. ಹಲ್ಲು ಬರುತ್ತಿದೆ ಅಂದರು, ದೃಷ್ಟಿಯಾಗಿದೆ ಅಂದರು. ಕೊನೆಗೆ ನೋಡಿದರೆ ಬೆನ್ನು ಬೆವರಿ ಬನಿಯನ್ ಒದ್ದೆ. ಸೆಖೆಗೆ ಅಳುತ್ತಿದ್ದಳು, ಪಾಪ.

ರಾತ್ರಿ ಕುಲಾವಿ ಹಾಕಿಯೇ ಮಲಗಿಸಬೇಕಾ? ಅಜ್ಜಿ ಬಿಡಲ್ಲ.

ಹೊರಗೆ ಹೋಗುವಾಗ ಕುಲಾವಿ ಸರಿ. ಮನೆಯೊಳಗೆ ಮಲಗುವಾಗ ಬೇಡ. ಮೈಯ ಬಿಸಿ ಹೊರಗೆ ಹೋಗಲು ತಲೆಯೂ ಒಂದು ದಾರಿ. ಅದನ್ನು ಮುಚ್ಚಿದರೆ ಮಗು ಬೇಯುತ್ತದೆ, ಜಾರಿದರೆ ಮೂಗು ಬಾಯಿ ಮುಚ್ಚುತ್ತದೆ. ನಮ್ಮ ಮನೆಯಲ್ಲಿ ರಾಜಿ ಹೀಗಾಯಿತು: ಮಲಗಿಸುವಾಗ ಅತ್ತೆ ಕುಲಾವಿ ಕಟ್ಟುತ್ತಾರೆ, ಅವರು ಕೋಣೆಗೆ ಹೋದ ಮೇಲೆ ನಾನು ತೆಗೆಯುತ್ತೇನೆ. ಇಬ್ಬರಿಗೂ ಗೊತ್ತು, ಯಾರೂ ಮಾತಾಡಲ್ಲ.

ದಿನಾ ಸ್ನಾನ ಮಾಡಿಸಬೇಕಾ?

ಬೇಕೇಬೇಕು ಅಂತೇನಿಲ್ಲ. ದಿನ ಬಿಟ್ಟು ದಿನ ಮಾಡಿಸಿ, ನಡುವಿನ ದಿನ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿದರೂ ನಡೆಯುತ್ತದೆ. ನಾವು ಮಂಜು ಕರಗಿ ಬಿಸಿಲು ಬಂದ ಮೇಲೆ, ಹನ್ನೊಂದರ ಹೊತ್ತಿಗೆ ಮಾಡಿಸುತ್ತೇವೆ. ಐದು ನಿಮಿಷ ಸಾಕು. ಜಾಸ್ತಿ ಹೊತ್ತು ಬಿಸಿನೀರಲ್ಲಿ ಇದ್ದಷ್ಟೂ ಚರ್ಮ ಒಡೆಯುತ್ತದೆ. ಒರೆಸಿದ ತಕ್ಷಣ, ಚರ್ಮ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿದರೆ ಕೆನ್ನೆ ಬಿರಿಯುವುದು ಕಡಿಮೆಯಾಗುತ್ತದೆ.

ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ, ಕೆಟ್ಟಿರಬೇಕು ಅಂತ ಒಬ್ಬರು ಬಾಟಲಿ ಎಸೆದೇ ಬಿಟ್ಟಿದ್ದರು. ಕೆಟ್ಟಿರಲಿಲ್ಲ. 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಹೆಪ್ಪುಗಟ್ಟುತ್ತದೆ. ಬಿಸಿನೀರಿನ ಲೋಟದಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ.

ಸ್ನಾನದಲ್ಲಿ ನಿಜವಾದ ಅಪಾಯ ನೀರಿನದು. ತೋಟದ ಮನೆಯಲ್ಲಿ ಇವತ್ತಿಗೂ ಹಂಡೆ ಒಲೆ. ಕಾಫಿ ಗಿಡದ ಸೌದೆ ಹಾಕಿದರೆ ನೀರು ಮರಳುತ್ತಲೇ ಇರುತ್ತದೆ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮ ಯಾವತ್ತೂ ತಪ್ಪಬಾರದು. ಕಳೆದ ವರ್ಷ ನಾನು ಅವಸರದಲ್ಲಿ ಬಿಸಿನೀರು ಮೊದಲು ತೋಡಿಟ್ಟು ಟವೆಲ್ ತರಲು ತಿರುಗಿದೆ. ಅಷ್ಟರಲ್ಲಿ ಪುಟ್ಟಿ ಕೈ ಅದ್ದಿದಳು. ಕೂಡಲೇ ನಲ್ಲಿಯ ತಣ್ಣೀರು ಬಿಟ್ಟು ಕೈ ಹಿಡಿದೆವು, 20 ನಿಮಿಷ. ಪಕ್ಕದವರು ಟೂತ್‌ಪೇಸ್ಟ್ ಹಿಡಿದು ಬಂದಿದ್ದರು. ಪೇಸ್ಟ್, ಬೆಣ್ಣೆ, ಇಂಕು, ಐಸು ಯಾವುದೂ ಬೇಡ. ಬರೀ ತಣ್ಣೀರು, ಆಮೇಲೆ ಆಸ್ಪತ್ರೆ. ಗುಳ್ಳೆಯೂ ಏಳಲಿಲ್ಲ, ಆದರೆ ನನ್ನ ಕೈ ನಡುಕ ಸಂಜೆವರೆಗೂ ನಿಂತಿರಲಿಲ್ಲ.

ಬೆರೆಸಿದ ನೀರನ್ನು ಮೊಣಕೈ ಅದ್ದಿ ನೋಡಿ. ನಮ್ಮ ಅಂಗೈ ಪಾತ್ರೆ ತೊಳೆದು ಒರಟಾಗಿರುತ್ತದೆ, ಅದನ್ನು ನಂಬಬಾರದು. ಮೊಣಕೈಗೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನಿಸಿದರೆ ಅದೇ ಹದ.

ಗ್ಯಾಸ್ ಗೀಸರ್ ಪರವಾಗಿಲ್ವಾ? ರಾತ್ರಿ ಕೋಣೆಯಲ್ಲಿ ಕೆಂಡ ಇಡಬಹುದಾ?

ಎರಡನ್ನೂ ಒಟ್ಟಿಗೆ ಹೇಳುತ್ತೇನೆ, ಯಾಕೆಂದರೆ ಎರಡರಲ್ಲೂ ಇರುವುದು ಒಂದೇ ವಿಷ. ಗ್ಯಾಸು, ಇದ್ದಿಲು, ಸೌದೆ ಯಾವುದೇ ಆಗಲಿ, ಗಾಳಿ ಸಾಲದ ಜಾಗದಲ್ಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ, ಮಂಪರು ಬರುತ್ತದೆ, ಆಮೇಲೆ ಎಚ್ಚರವೇ ಆಗುವುದಿಲ್ಲ. ಮಕ್ಕಳು ನಮಗಿಂತ ವೇಗವಾಗಿ ಉಸಿರಾಡುವುದರಿಂದ ಅವರಿಗೇ ಮೊದಲು ಏರುತ್ತದೆ.

ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ಒಳಗೇ ಇದ್ದರೆ ಬೇರೆ ಕಡೆಗೆ ಹಾಕಿಸಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆಯೇ ಮಗುವನ್ನು ಒಳಗೆ ಕರೆದುಕೊಂಡು ಹೋಗಿ. ಮಲಗುವ ಕೋಣೆಗೆ ಕೆಂಡದ ಬಾಣಲೆ ಬೇಡವೇ ಬೇಡ. ಕಿಟಕಿ ಒಂದಿಂಚು ತೆರೆದಿದ್ದೇನೆ ಅನ್ನುವ ಸಮಾಧಾನವೂ ಬೇಡ.

ಕರೆಂಟಿನ ಹೀಟರ್‌ನಲ್ಲಿ ಈ ವಿಷವಿಲ್ಲ. ಆದರೆ ಮಗುವಿನ ಕೈಗೆ ಸಿಗಬಾರದು, ಪಕ್ಕದಲ್ಲಿ ಹೊದಿಕೆ ಇರಬಾರದು. ಮಲಗುವ ಮುಂಚೆ ಅರ್ಧ ಗಂಟೆ ಹಾಕಿ ಆರಿಸಿದರೆ ಸಾಕು. ಹಾಗೆ ನೋಡಿದರೆ ನಮ್ಮೂರಿಗೆ ಹೀಟರ್ ಬೇಕಾಗುವುದೇ ವರ್ಷಕ್ಕೆ ಹತ್ತು ರಾತ್ರಿ.

ತಲೆಗೂದಲಿಗೆ ಸಾಂಬ್ರಾಣಿ ಹೊಗೆ?

ವಾಸನೆ ನನಗೂ ಇಷ್ಟ. ಆದರೆ ಹೊಗೆ ಯಾವುದಾದರೂ ಹೊಗೆಯೇ, ಎಳೆ ಶ್ವಾಸಕೋಶಕ್ಕೆ ಆಗುವುದಿಲ್ಲ. ಟವೆಲಿನಿಂದ ಒರೆಸಿ ಬಿಸಿಲಲ್ಲಿ ಹತ್ತು ನಿಮಿಷ ಕೂರಿಸಿ. ಸಾಂಬ್ರಾಣಿ ದೇವರ ಮನೆಯಲ್ಲಿರಲಿ.

ಬಾಳೆಹಣ್ಣು, ಕಿತ್ತಳೆ, ಮೊಸರು ಕೊಟ್ಟರೆ ಶೀತ ಆಗಲ್ವಾ?

ಶೀತ ಬರುವುದು ವೈರಸ್ಸಿನಿಂದ, ಹಣ್ಣಿನಿಂದ ಅಲ್ಲ. ಚಳಿಯಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಒಟ್ಟಿಗೆ ಕೂರುತ್ತೇವೆ, ಒಬ್ಬರ ಕೆಮ್ಮು ಎಲ್ಲರಿಗೂ ಹಂಚುತ್ತದೆ. ಬೈಗುಳ ಮಾತ್ರ ಏಲಕ್ಕಿ ಬಾಳೆಗೆ. ಫ್ರಿಜ್ಜಿನಿಂದ ನೇರ ತೆಗೆದು ಕೊಡಬೇಡಿ, ಅಷ್ಟೇ. ಮಧ್ಯಾಹ್ನದ ಮೊಸರನ್ನ ನಮ್ಮ ಮನೆಯಲ್ಲಿ ಜನವರಿಯಲ್ಲೂ ನಡೆಯುತ್ತದೆ. ಕಿತ್ತಳೆ ಕೊಡುವಾಗ ಬೀಜ ತೆಗೆದು, ತೊಳೆಯ ಮೇಲಿನ ಸಿಪ್ಪೆ ಸುಲಿದು ಕೊಡಿ.

ಬೇರೆ ಏನು ತಿನ್ನಿಸ್ತೀರಿ?

ನಾವು ತಿನ್ನುವುದನ್ನೇ, ಖಾರ ಕಡಿಮೆ ಮಾಡಿ. ಬೆಳಗ್ಗೆ ಬಿಸಿ ಕಡುಬನ್ನು ಹಿಚುಕಿ ತುಪ್ಪ ಹಾಕಿದರೆ ಒಂದು ಪೂರ್ತಿ ಹೋಗುತ್ತದೆ. ಅಕ್ಕಿ ರೊಟ್ಟಿಯ ಅಂಚು ಗಟ್ಟಿ, ನಡುವಿನ ಮೆತ್ತನೆಯ ಭಾಗ ಅವಳಿಗೆ. ಸಂಜೆ ರಾಗಿ ಮಣ್ಣಿ, ಬೆಲ್ಲ ಸ್ವಲ್ಪವೇ.

ಈ ಕಾಲದ ರಾಜ ಅವರೆಕಾಯಿ. ಇಬ್ಬನಿ ಬಿದ್ದ ಮೇಲೆ ಬರುವ ಸೊಗಡು ಇಡೀ ಮನೆ ತುಂಬುತ್ತದೆ. ಮಗುವಿಗೆ ಇಡೀ ಕಾಳು ಬೇಡ. ನೆನೆಸಿ ಹಿಸುಕಿ ಸಿಪ್ಪೆ ತೆಗೆದ ಇದುಕಿದ ಬೇಳೆಯನ್ನು ಚೆನ್ನಾಗಿ ಬೇಯಿಸಿ, ನುರಿದು ಅನ್ನಕ್ಕೆ ಕಲಸಿ. ಇದುಕುವ ಕೆಲಸಕ್ಕೆ ಪುಟ್ಟಿಯೂ ಕೂರುತ್ತಾಳೆ. ಹತ್ತು ಕಾಳಲ್ಲಿ ಎಂಟು ಸೋಫಾ ಕೆಳಗೆ ಹಾರುತ್ತವೆ. ಆ ಹೊತ್ತಿನಲ್ಲಿ ಒಬ್ಬರ ಕಣ್ಣು ಅವಳ ಬಾಯಿ ಮೇಲೆಯೇ ಇರಬೇಕು.

ನೀರು ಕುಡಿಸುವುದನ್ನು ಮರೆಯಬೇಡಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಮಲ ಗಟ್ಟಿಯಾಗಿ ಮಗು ಒದ್ದಾಡುತ್ತದೆ. ಉಗುರುಬೆಚ್ಚಗಿನ ನೀರನ್ನು ಆಗಾಗ ಗುಟುಕು ಗುಟುಕಾಗಿ ಕೊಡಿ.

ತಾತ ಬಟ್ಟಲಲ್ಲಿ ಕಾಫಿ ಕೊಡ್ತಾರೆ. ಸ್ವಲ್ಪ ತಾನೇ?

ಕಾಫಿ ಬೆಳೆಯುವ ಮನೆಯಲ್ಲಿ ಇದು ಸೂಕ್ಷ್ಮದ ವಿಷಯ. ಆದರೂ ಬೇಡ. ನಿದ್ದೆ ಕೆಡುತ್ತದೆ, ಊಟದ ಜೊತೆ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ. ನಮ್ಮ ಮಾವನವರು ಅದೇ ಹಿತ್ತಾಳೆ ಬಟ್ಟಲಲ್ಲಿ ಈಗ ಬರೀ ಬಿಸಿಹಾಲು ಕೊಡುತ್ತಾರೆ. ಪುಟ್ಟಿ ಅದಕ್ಕೂ ಕಾಪಿ ಅಂತಲೇ ಹೇಳುತ್ತಾಳೆ.

ತಿಂಗಳಿಗೊಂದು ಸಲ ಮೂಗು ಸುರಿಯುತ್ತೆ. ಏನಾದರೂ ಸಿರಪ್ ಹೇಳಿ.

ಸಿರಪ್ ಹೇಳಲ್ಲ. ಈ ವಯಸ್ಸಿನಲ್ಲಿ ವರ್ಷಕ್ಕೆ ಆರೆಂಟು ಸಲ ಶೀತ ಬರುವುದು ಮಾಮೂಲು, ಅದೂ ಬಹುಪಾಲು ಚಳಿಗಾಲದಲ್ಲೇ. ಒಂದು ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ.

ಕೆಮ್ಮಿನ ಸಿರಪ್ ವಿಚಾರದಲ್ಲಿ ಎರಡು ಸಂಗತಿ ತಿಳಿದಿರಲಿ. 2023ರ ಡಿಸೆಂಬರ್‌ನಲ್ಲಿ ದೇಶದ ಔಷಧ ನಿಯಂತ್ರಕರು ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಶೀತದ ಮದ್ದನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಎಂದು ಬಾಟಲಿ ಮೇಲೆ ಬರೆಯಲು ಹೇಳಿದರು. ಮಧ್ಯಪ್ರದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತ ಸುದ್ದಿಯ ನಡುವೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಸಿರಪ್ ಬರೆಯಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚನೆ ಕೊಟ್ಟಿತು. ಹೋದ ವರ್ಷದ ಅರ್ಧ ಬಾಟಲಿ ಕಪಾಟಿನಲ್ಲಿದ್ದರೆ ಇವತ್ತೇ ಎಸೆಯಿರಿ.

ನಾವು ಮಾಡುವುದು ಇಷ್ಟೇ: ಮೂಗಿಗೆ ಉಪ್ಪುನೀರಿನ ಸಲೈನ್ ಹನಿ, ಊಟಕ್ಕೂ ನಿದ್ದೆಗೂ ಮೊದಲು. ಬೆಚ್ಚಗಿನ ಗಂಜಿ, ಸಾರು. ತಾಳ್ಮೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವಾಗ ವಯಸ್ಸಲ್ಲ, ತೂಕ ಲೆಕ್ಕ. ಡಾಕ್ಟರ್ ಹೇಳಿದ ಎಂಎಲ್ ಯಾವ ಬಾಟಲಿಗೆ ಅಂತಲೂ ಕೇಳಿ. 5 ಎಂಎಲ್‌ನಲ್ಲಿ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್ಪೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಅಂಗಡಿಯವರು ಅದಿಲ್ಲ ಇದು ಅಂತ ಕೊಟ್ಟರೆ ಡೋಸು ದುಪ್ಪಟ್ಟಾಗಿಬಿಡುತ್ತದೆ.

ಮನೆಮದ್ದು ಯಾವುದೂ ಬೇಡವಾ?

ಕೆಲವು ಇರಲಿ, ಕೆಲವು ಹೋಗಲಿ.

ದೊಡ್ಡಪತ್ರೆ ಎಲೆಯನ್ನು ಬಾಡಿಸಿ ತಂಬುಳಿ ಮಾಡಿ ಅನ್ನಕ್ಕೆ ಕಲಸಿ, ಚೆನ್ನಾಗಿರುತ್ತದೆ. ಒಂದು ವರ್ಷ ದಾಟಿದ ಮಗುವಿಗೆ ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನು ಕೊಡಬಹುದು. ಒಂದು ವರ್ಷದೊಳಗೆ ಜೇನಿನ ಒಂದು ಹನಿಯೂ ಬೇಡ. ಅದರಲ್ಲಿರಬಹುದಾದ ಬೀಜಾಣುಗಳಿಂದ ಬಾಟುಲಿಸಂ ಎಂಬ ಕಾಯಿಲೆ ಬರುತ್ತದೆ. ತೋಟದ್ದೇ ಜೇನು, ಶುದ್ಧ ಅನ್ನುವ ಮಾತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಕರ್ಪೂರ ಹಾಕಿ ಕಾಯಿಸಿದ ಎಣ್ಣೆ, ಬಟ್ಟೆಯಲ್ಲಿ ಕರ್ಪೂರ ಕಟ್ಟಿ ಕುತ್ತಿಗೆಗೆ ಹಾಕುವುದು, ಎರಡೂ ಬೇಡ. ಕರ್ಪೂರದ ಚೂರು ಬಾಯಿಗೆ ಹೋದರೆ ಫಿಟ್ಸ್ ಬರಬಹುದು. ಡಬ್ಬಿಯನ್ನು ದೇವರ ಮನೆಯ ಮೇಲಿನ ಗೂಡಿಗೆ ಏರಿಸಿ. ವಿಕ್ಸ್ ಕೂಡ ಎರಡು ವರ್ಷದೊಳಗಿನವರಿಗಲ್ಲ. ಹಬೆ ಹಿಡಿಸುವುದಂತೂ ಮರಳುವ ನೀರಿನ ಪಾತ್ರೆಯ ಪಕ್ಕ ಎರಡು ವರ್ಷದ ಮಗುವನ್ನು ಕೂರಿಸುವ ಕೆಲಸ. ಇನ್ನು ಬ್ರಾಂಡಿ. ಹೌದು, ಈಗಲೂ ಹೇಳುವವರಿದ್ದಾರೆ. ಹೇಳಿದವರೇ ಕುಡಿಯಲಿ.

ಯಾವಾಗ ಡಾಕ್ಟರ್ ಹತ್ತಿರ ಓಡಬೇಕು?

ಉಸಿರು ಎಣಿಸಲು ಕಲಿಯಿರಿ. ಮಗು ಅಳದೆ ಸುಮ್ಮನಿರುವಾಗ ಅಥವಾ ಮಲಗಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಒಂದರಿಂದ ಐದು ವರ್ಷದವರಿಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು, ನ್ಯುಮೋನಿಯಾ ಇರಬಹುದು. ಹುಟ್ಟಿ ಎರಡು ತಿಂಗಳಿಂದ ಒಂದು ವರ್ಷದೊಳಗಿನವರಿಗೆ ಈ ಗಡಿ 50. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಗೆ ಗುಳಿ ಬೀಳುವುದು, ಸುಮ್ಮನಿದ್ದಾಗಲೂ ಗೊರಗೊರ ಸದ್ದು, ತುಟಿ ನೀಲಿಯಾಗುವುದು, ಏನೂ ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್ ಬರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ತೋಟದಲ್ಲಿದ್ದರೆ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತ ಮೊದಲೇ ಗೊತ್ತಿರಲಿ. ನಮ್ಮಲ್ಲಿ ಅದು ಕಣದ ಮೂಲೆ, ನೀರಿನ ಟ್ಯಾಂಕ್ ಪಕ್ಕ.

ಚಳಿಗಾಲದಲ್ಲೂ ಭೇದಿ ಆಗುತ್ತಾ?

ಆಗುತ್ತದೆ. ರೋಟಾ ವೈರಸ್ ಚಳಿಯಲ್ಲೇ ಹೆಚ್ಚು. ಒಂದು ಲೀಟರ್ ನೀರಿಗೆ ಓಆರ್‌ಎಸ್‌ನ ದೊಡ್ಡ ಪೊಟ್ಟಣ ಪೂರ್ತಿ ಹಾಕಿ, ಅರ್ಧರ್ಧ ಮಾಡಬೇಡಿ. ಜೊತೆಗೆ ಸತುವಿನ (ಜಿಂಕ್) ಮಾತ್ರೆ 14 ದಿನ, ಭೇದಿ ನಿಂತರೂ ಮುಗಿಸಬೇಕು.

ಕಾಫಿ ಕೊಯ್ಲಿನ ಗಲಾಟೆಯಲ್ಲಿ ಮಗುವನ್ನು ಹೇಗೆ ನೋಡಿಕೊಳ್ತೀರಿ?

ಕಷ್ಟಪಟ್ಟು. ಡಿಸೆಂಬರ್‌ನಲ್ಲಿ ಅರೇಬಿಕಾ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಬೆಳಗ್ಗೆ ಆಳುಗಳ ಲೆಕ್ಕ, ಸಂಜೆ ಹಣ್ಣಿನ ತೂಕ, ರಾತ್ರಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದು. ಎಲ್ಲರೂ ಮನೆಯಲ್ಲೇ ಇರುತ್ತಾರೆ, ಮಗುವನ್ನು ನೋಡುವವರು ಯಾರೂ ಇರುವುದಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಅದಕ್ಕೇ ನಮ್ಮಲ್ಲಿ ಈಗ ಪಾಳಿ. "ಈಗ ನಾನು" ಅಂತ ಬಾಯಿಬಿಟ್ಟು ಹೇಳಿಯೇ ಕೈ ಬದಲಿಸುತ್ತೇವೆ.

ಪಲ್ಪರ್ ಹೊಂಡ, ಪ್ರಾಣಿಗಳಿಗೆ ನೀರಿಡುವ ತೊಟ್ಟಿ, ಅರ್ಧ ತುಂಬಿದ ಬಕೆಟ್, ಯಾವುದೂ ತೆರೆದಿರಬಾರದು. ಅರ್ಧ ಅಡಿ ನೀರೂ ಎರಡು ವರ್ಷದ ಮಗುವಿಗೆ ಸಾಕು.

ಹೋದ ಜನವರಿಯಲ್ಲಿ ಪುಟ್ಟಿ ಕಣದಲ್ಲಿ ಒಣಗಿದ ಪಾರ್ಚ್‌ಮೆಂಟ್ ಕಾಳೊಂದನ್ನು (ಹಣ್ಣಿನ ಸಿಪ್ಪೆ ಬಿಡಿಸಿದ ಕಾಫಿ ಬೀಜ) ಮೂಗಿಗೆ ಹಾಕಿಕೊಂಡಳು. ಚಿಮುಟ ಹಾಕಿ ತೆಗೆಯೋಣ ಅಂದರು ಮನೆಯವರು. ನಾನು ಬಿಡಲಿಲ್ಲ, ಕಾಳು ಇನ್ನೂ ಒಳಗೆ ಹೋಗುತ್ತದೆ. ವೈದ್ಯೆ ನನ್ನಿಂದಲೇ ತೆಗೆಸಿದರು: ಮಗುವಿನ ಬಾಯಿಗೆ ಬಾಯಿಟ್ಟು, ಖಾಲಿ ಹೊಳ್ಳೆಯನ್ನು ಬೆರಳಿಂದ ಒತ್ತಿ ಹಿಡಿದು, ಒಂದು ಸಲ ಜೋರಾಗಿ ಊದಬೇಕು. ಎರಡನೇ ಸಲಕ್ಕೆ ಕಾಳು ನನ್ನ ಕೆನ್ನೆಗೆ ಬಂದು ಬಡಿಯಿತು. ಗುಣಮಟ್ಟ ಚೆನ್ನಾಗಿದೆ ಅಂದರು ಮಾವ.

ತೋಟದಲ್ಲಿ ಉಣುಗು ಕಚ್ಚಿದರೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಬಂದಿದೆ. ಅದರ ಕಾಲ ನವೆಂಬರ್‌ನಿಂದ ಮೇವರೆಗೆ, ಅಂದರೆ ಸರಿಯಾಗಿ ಈಗ. ಮಗುವನ್ನು ತರಗೆಲೆ ಮೇಲೆ ಕೂರಿಸಬೇಡಿ. ಕಾಡಂಚಿನಿಂದ ಬಂದ ಮೇಲೆ ಬಟ್ಟೆ ಬದಲಿಸಿ, ಕಿವಿ ಹಿಂದೆ, ಕಂಕುಳು, ತೊಡೆಸಂದು ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ, ಬೆರಳಿಂದ ಜಜ್ಜಬೇಡಿ. ಆಮೇಲೆ ಜ್ವರ ಬಂದರೆ ಉಣುಗು ಕಚ್ಚಿತ್ತು ಅಂತ ಡಾಕ್ಟರಿಗೆ ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಡಬಹುದಾ?

ಕೊಡುವ ರೀತಿಯಲ್ಲಿ ಕೊಟ್ಟರೆ. ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲದ ಅಚ್ಚು, ಒಂದೊಂದೂ ಸರಿಯಾಗಿ ಪುಟ್ಟ ಗಂಟಲಿಗೆ ಸಿಕ್ಕಿಕೊಳ್ಳುವ ಅಳತೆ. ದವಡೆ ಹಲ್ಲು ಪೂರ್ತಿ ಬಾರದ ಮಗು ಅಗಿಯುವುದಿಲ್ಲ, ನುಂಗುತ್ತದೆ. ನಾನು ಒಂದು ಹಿಡಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ತುಪ್ಪ ಬೆರೆಸಿ ಮೆತ್ತಗೆ ಉಂಡೆ ಕಟ್ಟಿಡುತ್ತೇನೆ. ಕಬ್ಬಿನ ತುಂಡಿನ ಬದಲು ಎರಡು ಚಮಚ ಕಬ್ಬಿನ ಹಾಲು.

ತಲೆ ಮೇಲೆ ಎಲಚಿ ಹಣ್ಣು, ಕಾಸು, ಕಬ್ಬಿನ ತುಂಡು ಸುರಿದು ಆರತಿ ಮಾಡುವ ಶಾಸ್ತ್ರ ನಮ್ಮಲ್ಲೂ ಇದೆ. ಚೆಂದದ ಶಾಸ್ತ್ರ. ಹೆಂಗಸರು ಆರತಿ ಹಾಡು ಮುಗಿಸುವಷ್ಟರಲ್ಲಿ ನೆಲದ ಮೇಲಿನ ನಾಣ್ಯ ಯಾರ ಬಾಯಲ್ಲಿದೆ ಅಂತ ನೋಡಿಕೊಳ್ಳುವವರು ಒಬ್ಬರು ಬೇಕು. ಕಾಸು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ.

ಏನಾದರೂ ಗಂಟಲಿಗೆ ಸಿಕ್ಕಿ ಮಗುವಿಗೆ ಕೆಮ್ಮಲೂ ಆಗದೆ ಹೋದರೆ, ಮುಂದಕ್ಕೆ ಬಾಗಿಸಿ ಭುಜದ ಎಲುಬುಗಳ ನಡುವೆ ಅಂಗೈಯಿಂದ ಐದು ಸಲ ಗಟ್ಟಿಯಾಗಿ ಹೊಡೆಯಿರಿ. ಬರದಿದ್ದರೆ, ಒಂದು ವರ್ಷ ದಾಟಿದ ಮಗುವಾದರೆ, ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಗಡೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಇದನ್ನೇ ಮತ್ತೆ ಮತ್ತೆ ಮಾಡಿ, ಒಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಬೇಡಿ.

ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗಬಹುದಾ? ಚಾರ್ಮಾಡಿ ಘಾಟಿ?

1,930 ಮೀಟರ್ ಎತ್ತರದಲ್ಲಿ ಬೀಸುವ ಗಾಳಿಗೆ ನನ್ನ ಕಣ್ಣಲ್ಲೇ ನೀರು ಬರುತ್ತದೆ. ಮೆಟ್ಟಿಲು ಹತ್ತುವಾಗ ಮಗು ನಿಮ್ಮ ಸೊಂಟದ ಮೇಲೆಯೇ ಇರುತ್ತದೆ ಅನ್ನುವುದೂ ನೆನಪಿರಲಿ. ವಾರದ ನಡುವೆ, ಬಿಸಿಲು ಬಂದ ಮೇಲೆ ಹೋಗಿ. ಭಾನುವಾರವಾದರೆ ಕೈಮರದ ಚೆಕ್‌ಪೋಸ್ಟಿನ ವಾಹನಗಳ ಸಾಲಿನಲ್ಲೇ ಡಯಾಪರ್ ಬದಲಿಸಬೇಕಾದೀತು.

ಘಾಟಿ ಇಳಿಯುವಾಗ ಹೊಟ್ಟೆ ತುಂಬ ಹಾಲು ಕುಡಿಸಬೇಡಿ. ಕೊಟ್ಟಿಗೆಹಾರದಲ್ಲಿ ನಿಂತು ಅರ್ಧ ನೀರುದೋಸೆ ತಿನ್ನಿಸಿ, ಹತ್ತು ನಿಮಿಷ ಓಡಾಡಿಸಿ ಹೊರಡಿ. ಒಂದು ಜೊತೆ ಬಟ್ಟೆ ಮಗುವಿಗೆ, ಇನ್ನೊಂದು ನಿಮಗೆ.

ಬಟ್ಟೆ ಒಣಗಲ್ಲ ಅಲ್ವಾ?

ಮಳೆಗಾಲಕ್ಕೆ ಹೋಲಿಸಿದರೆ ಇದು ಸ್ವರ್ಗ. ಹತ್ತಕ್ಕೆ ಹಾಕಿ ನಾಲ್ಕಕ್ಕೆ ತೆಗೆಯಿರಿ. ಐದರ ಮೇಲೆ ಬಿಟ್ಟರೆ ಇಬ್ಬನಿಗೆ ಮತ್ತೆ ಒದ್ದೆ.

ಆರೂವರೆಗೆಲ್ಲ ಕತ್ತಲು. ಮಲಗುವವರೆಗೆ ಏನು ಮಾಡಿಸೋದು?

ನಾವು ಮಲಗುವ ಹೊತ್ತನ್ನೇ ಬೇಗ ಮಾಡಿಕೊಂಡೆವು. ಈ ವಯಸ್ಸಿಗೆ ಹಗಲಿನ ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಏಳಕ್ಕೆ ಊಟ, ಎಂಟೂವರೆಗೆ ದೀಪ ಆರಿಸುತ್ತೇವೆ. ನಡುವಿನ ಹೊತ್ತಿಗೆ ಖಾಲಿ ಗೋಣಿಚೀಲ, ಸ್ಟೀಲ್ ಡಬ್ಬಿ, ಮಾವನ ಟಾರ್ಚು. ದುಡ್ಡು ಕೊಟ್ಟು ತಂದ ಆಟದ ಸಾಮಾನು ಅಟ್ಟದಲ್ಲಿದೆ.

ಈ ವರ್ಷದ ಸ್ವೆಟರ್ ಮುಂದಿನ ವರ್ಷಕ್ಕೆ ಆಗುತ್ತಾ? ದೊಡ್ಡದೇ ತರೋಣ್ವಾ?

ಆಗಲ್ಲ. ದೊಡ್ಡದು ತಂದರೆ ತೋಳು ಜೋತು ಹಾಲಿನ ಲೋಟಕ್ಕೆ ಅದ್ದುತ್ತದೆ. ಶಿವರಾತ್ರಿ ಕಳೆದ ಮೇಲೆ ನಮ್ಮತ್ತೆ ಹಳೆ ಸ್ವೆಟರ್ ಬಿಚ್ಚಿ, ಉಲ್ಲನ್ ತೊಳೆದು ಉಂಡೆ ಸುತ್ತಿಡುತ್ತಾರೆ. ದಸರಾ ಹೊತ್ತಿಗೆ ಇನ್ನೊಂದು ಬಣ್ಣದ ಉಂಡೆ ಸೇರಿಸಿ ಮತ್ತೆ ಹೆಣೆಯಲು ಕೂರುತ್ತಾರೆ. ಈ ವರ್ಷದ್ದರಲ್ಲಿ ಹಳದಿ ಪಟ್ಟಿಯವರೆಗೆ ಹೋದ ವರ್ಷದ ಉಲ್ಲನ್, ಅಲ್ಲಿಂದ ಕೆಳಗೆ ಹೊಸದು.